ಗಾಜಿನ ಚೂರು, ಕನ್ನಡದ ಅಕ್ಷರ

(ಹೈದರಾಬಾದಿನ ನಮ್ಮ ಸಂಘದ ಭವನದಲ್ಲಿ ಹೊಸ ನಾಮಫಲಕದ ಅನಾವರಣವಾದಾಗ, ಅದನ್ನು ರಚಿಸಿದವರ ಪರವಾಗಿ ಮಾಡಿದ ಭಾಷಣ)



ವೇದಿಕೆಯ ಮೇಲೆ ನಿಂತು ಮಾತನಾಡುವುದು ನಮ್ಮ ಕಸುಬಲ್ಲ. ಕಲೆಯೂ ನಮ್ಮ ಕಸುಬಲ್ಲವೆಂಬುದು, ಬಾಗಿಲ ಮೇಲಿನ ಹೊಸ ಫಲಕವನ್ನು ಹತ್ತಿರದಿಂದ ನೋಡಿದವರಿಗೆ ಆಗಲೇ ತಿಳಿದಿರಬೇಕು. ನಾವು ಒಂಬತ್ತು ಮಂದಿ: ಐವರು ಗೃಹಿಣಿಯರು, ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು, ಔಷಧಿ ಅಂಗಡಿಯವರೊಬ್ಬರು, ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟರೊಬ್ಬರು. ಒಂದು ವರ್ಷದ ಹಿಂದೆ ನಮ್ಮಲ್ಲಿ ಯಾರೂ ಗಾಜನ್ನು ಬೇಕೆಂದು ಒಡೆದವರಲ್ಲ. ಕೈಜಾರಿ ಒಡೆದವರು ಮಾತ್ರ. ಈ ವರ್ಷದಲ್ಲಿ ನಾವು ಕಲಿತದ್ದನ್ನೂ ಕೆಡಿಸಿದ್ದನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಕಲಿತದ್ದಕ್ಕಿಂತ ಕೆಡಿಸಿದ್ದರ ಕಥೆಯೇ ದೊಡ್ಡದು. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ಹಳೆಯ ಫಲಕವನ್ನು ತಾವೆಲ್ಲರೂ ಬಲ್ಲಿರಿ. ತಗಡಿನ ಮೇಲೆ ಬಣ್ಣ. ಪಡುವಣ ಬಿಸಿಲಿಗೂ ಮಳೆಗೂ ಅದು ಎರಡು ವರ್ಷಕ್ಕೆ ಮಾಸುತ್ತಿತ್ತು. ಮತ್ತೆ ಬರೆಸುತ್ತಿದ್ದೆವು. ಬರೆಯುವಾತನು ಒಳ್ಳೆಯ ಕೈಯವನು. ಆದರೆ ಕನ್ನಡ ಓದಲು ಬಾರದವನು. ಅಕ್ಷರದ ಆಕಾರವನ್ನು ನೋಡಿ ಬರೆಯುತ್ತಿದ್ದನು. ಒಮ್ಮೆ 'ಘ'ಕಾರ ಹೋಗಿ 'ಫ'ಕಾರ ಬಂತು. ಎರಡು ವರ್ಷ ನಾವೆಲ್ಲರೂ 'ಕನ್ನಡ ಸಂಫ'ದ ಸದಸ್ಯರಾಗಿದ್ದೆವು. ನಕ್ಕೆವು, ಮತ್ತೆ ಬರೆಸಿದೆವು. ಈ ನಗುವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಅದರ ಬಡ್ಡಿಯನ್ನು ನಾವು ಆಮೇಲೆ ತೆತ್ತೆವು.

ಮಾಸದ ಫಲಕ ಬೇಕಾದರೆ ಗಾಜಿನ ಮೊಸಾಯಿಕ್ ಮಾಡಬೇಕೆಂದು ನಮ್ಮಲ್ಲೊಬ್ಬರು ಹೇಳಿದರು. ಮೊಸಾಯಿಕ್ ಎಂದರೆ ಗುಡಿಸಿ ಒರೆಸುವ ನೆಲವೆಂದಷ್ಟೇ ಉಳಿದವರು ಬಲ್ಲೆವು. ವಾಸ್ತವದಲ್ಲಿ ಅದು ಬಹು ಹಳೆಯ ವಿದ್ಯೆ. ಬಣ್ಣದ ಕಲ್ಲನ್ನೋ ಗಾಜನ್ನೋ ಸಣ್ಣ ಚೂರುಗಳಾಗಿ ಕತ್ತರಿಸಿ, ಗಾರೆಯಲ್ಲಿ ಒಂದರ ಪಕ್ಕಕ್ಕೊಂದು ಕೂರಿಸಿ ಚಿತ್ರ ಮಾಡುವುದು. ಇಟಲಿಯ ರವೆನ್ನಾ ಎಂಬ ಊರಿನಲ್ಲಿ ಸಾನ್ ವಿತಾಲೆ ಎಂಬ ಇಗರ್ಜಿಯಿದೆ. ಅದು ಪ್ರತಿಷ್ಠೆಯಾದದ್ದು ೫೪೭ರಲ್ಲಿ. ಅದರ ಗೋಡೆಯ ಗಾಜಿನ ಚಿತ್ರಗಳ ಹಸುರು, ನೀಲಿ, ಹೊನ್ನು ಇಂದಿಗೂ ಮಾಸಿಲ್ಲ. ಕಾರಣ ಸರಳ: ಬಣ್ಣ ಗಾಜಿನ ಮೇಲಿಲ್ಲ, ಗಾಜಿನ ಒಳಗಿದೆ. ಗಾಜು ಕರಗಿರುವಾಗಲೇ ಲೋಹದ ಭಸ್ಮವನ್ನು ಬೆರೆಸುತ್ತಾರೆ. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸುರು. ಹೊನ್ನಿನ ಚೂರಿನಲ್ಲಾದರೋ ಚಿನ್ನದ ತೆಳುರೇಕು ಎರಡು ಗಾಜಿನ ಪದರಗಳ ನಡುವೆ ಅಡಗಿರುತ್ತದೆ.

ಬಣ್ಣದ ಗಾಜೆಂದರೆ ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲುಗಳುಳ್ಳ ಚಾವಣಿ ನಮಗೆ ನೆನಪಾಗುತ್ತದೆ. ಅದು ಗ್ಲಾಸ್ಗೋ ನಗರದಲ್ಲಿ ತಯಾರಾಗಿ ಬಂದದ್ದು. ಆದರೆ ಆ ವಿದ್ಯೆ ಬೇರೆ. ಅಲ್ಲಿ ಬೆಳಕು ಗಾಜನ್ನು ಹಾದು ಬರುತ್ತದೆ. ಮೊಸಾಯಿಕ್‌ನಲ್ಲಿ ಬೆಳಕು ಗಾಜಿಗೆ ತಾಗಿ ಹಿಂದಿರುಗುತ್ತದೆ. ನಮ್ಮ ಕೆಲಸದ ನೆಂಟರನ್ನು ಹುಡುಕಬೇಕಾದರೆ ಬೀದರಿಗೆ ಹೋಗಬೇಕು. ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾದ ಮೀನಾರಿನ ಮೇಲೆ ಹೊಳಪುಗಾಜಿನ ಲೇಪವುಳ್ಳ ಬಣ್ಣದ ಹೆಂಚುಚೂರುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅದೇ ಊರಿನ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ನಮ್ಮ ಈ ನಗರದಲ್ಲಿಯೇ ಬಾದಶಾಹೀ ಆಶೂರ್‌ಖಾನಾದ ಗೋಡೆಯ ಮೇಲೆ ೧೬೧೧ರ ಹೊತ್ತಿನ ಹೆಂಚಿನ ಚಿತ್ತಾರವಿದೆ. ನಮ್ಮಲ್ಲಿ ಬಹುಮಂದಿ ಬೀದರ್, ಕಲಬುರ್ಗಿ, ರಾಯಚೂರು ಕಡೆಯವರು. ಬಾಲ್ಯದಲ್ಲಿ ಆ ಮೀನಾರಿನ ಕೆಳಗೆ ಆಡಿದವರೂ ಇದ್ದಾರೆ. ಆದರೂ ತಲೆಯೆತ್ತಿ ನೋಡಿದ್ದು ಈ ವರ್ಷವೇ.

ಇನ್ನು ಕೆಲಸದ ಮಾತು. ಈಜುಕೊಳಕ್ಕೆ ಹಾಸುವ ಗಾಜಿನ ಬಿಲ್ಲೆಗಳನ್ನು ತಾವು ನೋಡಿರಬಹುದು. ಒಂದೊಂದು ಬಿಲ್ಲೆ ೨೦ ಮಿಲಿಮೀಟರ್ ಚೌಕ, ೪ ಮಿಲಿಮೀಟರ್ ದಪ್ಪ. ಅಂಗಡಿಯಲ್ಲಿ ಹಾಳೆಗೆ ಅಂಟಿಸಿ ಮಾರುತ್ತಾರೆ. ಸಾಮಾನ್ಯವಾಗಿ ಒಂದು ಹಾಳೆ ೩೨೭ ಮಿಲಿಮೀಟರ್ ಚೌಕ, ಸಾಲಿಗೆ ೧೫ರಂತೆ ೨೨೫ ಬಿಲ್ಲೆ. ನಮ್ಮ ಫಲಕ ೪ ಅಡಿ ಉದ್ದ, ೨ ಅಡಿ ಎತ್ತರ, ೮ ಚದರಡಿ. ಮೇಷ್ಟರು ಲೆಕ್ಕ ಹಾಕಿ ೭ ಹಾಳೆ ಸಾಕೆಂದರು. ಕೆಡುವ ಲೆಕ್ಕವನ್ನು ಅವರು ಹಾಕಿರಲಿಲ್ಲ. ಕಲಿಯುವವರು ಎರಡು ಹಾಳೆ ಹೆಚ್ಚಿಗೆ ತರಬೇಕು. ಗುತ್ತಿಗೆದಾರರ ಬಳಿ ಮಿಕ್ಕ ಹಾಳೆಗಳನ್ನು ಕೇಳಿದರೆ ಅಗ್ಗದಲ್ಲಿ ಸಿಗುತ್ತವೆ.

ಬಿಲ್ಲೆ ಕತ್ತರಿಸಲು ಎರಡು ಚಕ್ರಗಳುಳ್ಳ ಇಕ್ಕಳ ಬೇಕು. ಬಿಲ್ಲೆಯನ್ನು ಚಕ್ರಗಳ ನಡುವೆ ಹಿಡಿದು, ಜರ್ಕು ಕೊಡದೆ ಮೆಲ್ಲನೆ ಒತ್ತಬೇಕು. ಇನ್ನೊಂದು ಕೈಯಿಂದ ಎರಡು ಹೋಳನ್ನೂ ಹಿಡಿದಿರದಿದ್ದರೆ ಒಂದು ಹೋಳು ಅಡಿಗೆಮನೆಗೆ ಹಾರಿಹೋಗುತ್ತದೆ. ಆದಕಾರಣ ನಾವು ಹಳೆಯ ಮರದ ಪೆಟ್ಟಿಗೆಯೊಳಗೆ ಕೈಯಿಟ್ಟು ಕತ್ತರಿಸಿದೆವು. ಕಣ್ಣಿಗೆ ರಕ್ಷೆಯ ಕನ್ನಡಕ ಕಡ್ಡಾಯ. "ಕನ್ನಡದ ಕೆಲಸಕ್ಕೆ ಕನ್ನಡಕವಿಲ್ಲದೆ ಕೂರಬೇಡಿರಿ" ಎಂಬುದು ಮೇಷ್ಟರ ಆಜ್ಞೆ. ಮೇಜಿನ ಮೇಲಿನ ಪುಡಿಯನ್ನು ಎಂದಿಗೂ ಅಂಗೈಯಿಂದ ಸವರಬಾರದು. ಬ್ರಷ್ಷಿನಿಂದ ಗುಡಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಬರಿಗಾಲಲ್ಲಿ ಯಾರೂ ಬರಬಾರದು. ಮಕ್ಕಳು ಚೂರು ಜೋಡಿಸಬಹುದು. ಕತ್ತರಿಸುವುದು ದೊಡ್ಡವರ ಪಾಲು. ಮೊದಲ ತಿಂಗಳು ನಾವು ಬರೀ ಕತ್ತರಿಸಿದೆವು. ಮೊದಲ ವಾರ ಎರಡು ಬಿಲ್ಲೆಗೆ ಒಂದು ಪುಡಿಯಾಗುತ್ತಿತ್ತು. ತಿಂಗಳ ಕೊನೆಗೆ ನೇರ ಹೋಳು ಬಂತು, ಮೂಲೆಗತ್ತರಿ ಬಂತು, ಬೆಣೆಯಾಕಾರ ಬಂತು.

ಎರಡನೆಯ ತಿಂಗಳು ಒಬ್ಬೊಬ್ಬರೂ ಬಿಸಿ ಪಾತ್ರೆ ಇಡುವ ಒಂಬತ್ತು ಅಂಗುಲದ ಮಣೆಯೊಂದನ್ನು ಮಾಡಿದೆವು. ಆರಂಭಿಸುವವರಿಗೆಲ್ಲ ನಾವು ಹೇಳುವುದು ಇದೇ: ಮೊದಲು ಗೋಡೆಗೆ ಕೈ ಹಾಕಬೇಡಿರಿ, ಮಣೆಯಿಂದ ತೊಡಗಿರಿ. ಮಣೆ ಕೆಟ್ಟರೂ ಅದರ ಮೇಲೆ ಸಾರಿನ ಪಾತ್ರೆ ಕೂರುತ್ತದೆ. ಮಣೆ ಎರಡು ಪಾಠ ಕಲಿಸಿತು. ಬಿಳಿಯ ಬಡಗಿ ಅಂಟು ಒಣ ಜಾಗಕ್ಕೆ ಮಾತ್ರ; ನೀರು ತಾಗುವಲ್ಲಿ ಅದು ಮೆತ್ತಗಾಗಿ ಚೂರು ಕಳಚುತ್ತದೆ. ಹೊರಗಿಡುವ ಕೆಲಸಕ್ಕೆ ಪ್ಲೈವುಡ್ಡಿನ ಬದಲು ಸಿಮೆಂಟಿನ ಹಲಗೆಯನ್ನೂ, ಹೆಂಚು ಕೂರಿಸುವ ಸಿಮೆಂಟಿನ ಅಂಟನ್ನೂ ಬಳಸಬೇಕು. ಎರಡನೆಯದು, ಚೂರಿಗೂ ಚೂರಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಬಿಡಬೇಕು. ಒತ್ತಾಗಿ ಕೂರಿಸಿದರೆ ಸಂದಿನ ಗಾರೆ ಒಳಗಿಳಿಯದು. ಕೆಲಸ ಗಟ್ಟಿ ನಿಲ್ಲದು.

ಮಣೆಯಾಯಿತು, ಇನ್ನು ಅಕ್ಷರ. ಇಲ್ಲಿ ತೊಡಕು ಬಂತು. ಚೌಕ ಬಿಲ್ಲೆಯಿಂದ ಇಂಗ್ಲಿಷಿನ ನೆಟ್ಟನೆಯ ಅಕ್ಷರ ಸುಲಭ. ನಮ್ಮ ಅಕ್ಷರವೋ ದುಂಡು. 'ಕ'ದಲ್ಲಿ ಬಳುಕು, 'ನ'ದಲ್ಲಿ ಸುತ್ತು, 'ಸಂ'ನ ಪಕ್ಕದಲ್ಲಿ ಪೂರ್ಣಚಂದ್ರನಂಥ ಸೊನ್ನೆ. ಚೌಕದಲ್ಲಿ ಮಾಡಿದ ಕನ್ನಡ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ಆಗ ದಾರಿ ತೋರಿಸಿದವರು ನಮ್ಮ ಸಂಘದ ಅಜ್ಜಿ. ಎಂಬತ್ತೆಂಟು ವರ್ಷ; ಬೀದರಿನ ಕಡೆಯವರು. ಮರುದಿನ ಒಂದು ಉಪ್ಪಿನಕಾಯಿ ಭರಣಿಯನ್ನು ಮೊಮ್ಮಗನ ಕೈಯಲ್ಲಿ ಹೊರಿಸಿಕೊಂಡು ಬಂದರು. ತುಂಬ ಬಳೆಚೂರು.

ಬಳೆಚೂರೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಹೊಸತೇ? ದೀಪದ ಉರಿಗೆ ಹಿಡಿದು ಬಾಗಿಸಿ, ಕೊಂಡಿಗೆ ಕೊಂಡಿ ಸೇರಿಸಿ ಬಾಗಿಲಿಗೆ ತೋರಣ ಕಟ್ಟಿದ ಕೈಗಳು ಈ ಸಭೆಯಲ್ಲಿಯೇ ಇವೆ. ಆದರೂ ಒಡೆದ ಬಳೆಯನ್ನು ಮಂಗಳ ಕಾರ್ಯದ ಫಲಕಕ್ಕೆ ಹಚ್ಚಬಹುದೇ ಎಂದು ಒಬ್ಬರು ಹಿಂಜರಿದರು. "ಒಡದಾವ ಅನಬ್ಯಾಡ್ರಿ, ಹೆಚ್ಚ್ಯಾವ ಅನ್ರಿ. ಹೆಚ್ಚಿದ್ದು ಶುಭನೇ ಆತಲ್ಲ" ಎಂದರು ಅಜ್ಜಿ. ಚರ್ಚೆ ಅಲ್ಲಿಗೆ ಮುಗಿಯಿತು. ಬಳೆಯ ಚೂರು ಹುಟ್ಟುತ್ತಲೇ ಬಾಗಿರುತ್ತದೆ. ಕನ್ನಡ ಅಕ್ಷರದ ಬಾಗಿಗೆ ಅದು ಹೇಳಿ ಮಾಡಿಸಿದಂತಿತ್ತು. ಒಂದು ಎಚ್ಚರಿಕೆ: ನಮ್ಮ ಲಾಡ್ ಬಜಾರಿನ ಹೆಸರುವಾಸಿ ಬಳೆ ಅರಗಿನದು, ಅದು ಈ ಕೆಲಸಕ್ಕೆ ಒದಗದು. ಫಿರೋಜಾಬಾದಿನಿಂದ ಬರುವಂಥ ಗಾಜಿನ ಬಳೆಯೇ ಬೇಕು. ಅದರಲ್ಲಿಯೂ ಕೆಲವಕ್ಕೆ ಬಣ್ಣ ಮೇಲಿನ ಲೇಪ ಮಾತ್ರ. ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಉಗುರಿನಿಂದ ಕೆರೆದು ನೋಡಬೇಕು. ಬಣ್ಣ ಬಿಟ್ಟರೆ ಅದನ್ನು ಬಿಡಬೇಕು.

ಬಿಲ್ಲೆಯ ದಪ್ಪವೊಂದು, ಬಳೆಯ ದಪ್ಪವೊಂದು. ನೇರವಾಗಿ ಹಲಗೆಯ ಮೇಲೆ ಅಂಟಿಸಿದರೆ ಮೈ ಏರುತಗ್ಗು. ಅದಕ್ಕೆ ಹಿಮ್ಮುಖದ ಕ್ರಮವೊಂದಿದೆ. ದೂರದೇಶಗಳ ಕಟ್ಟಡಗಳಿಗೆ ಚಿತ್ರ ಕಳುಹಿಸುವಾಗ ವೆನಿಸ್ಸಿನ ಕಾರ್ಯಾಗಾರಗಳು ೧೯ನೆಯ ಶತಮಾನದಲ್ಲಿ ಇದನ್ನು ಬಳಸಿದವು. ಗಟ್ಟಿ ಕಾಗದದ ಮೇಲೆ ಚಿತ್ರ ಬರೆದು, ಚೂರುಗಳ ಮುಖವನ್ನು ಕೆಳಗೆ ಮಾಡಿ, ಮೈದಾ ಗೋಂದಿನಿಂದ ಅಂಟಿಸುತ್ತಾರೆ. ಆಮೇಲೆ ಸಿಮೆಂಟು ಬಳಿದ ಹಲಗೆಯ ಮೇಲೆ ಅದನ್ನು ಮಗುಚಿ ಒತ್ತುತ್ತಾರೆ. ಅಂಟು ಹಿಡಿದ ಮೇಲೆ ಕಾಗದವನ್ನು ಬೆಚ್ಚನೆಯ ನೀರಿನಿಂದ ನೆನೆಸಿ ಸುಲಿದರೆ ಸಮತಟ್ಟಾದ ಮುಖ ಮೇಲೆ ಬರುತ್ತದೆ. ಒಳ್ಳೆಯ ಕ್ರಮ. ನಾವು ಅದನ್ನೇ ಹಿಡಿದೆವು.

ಮೂರು ತಿಂಗಳ ಶನಿವಾರಗಳು ಹೀಗೆ ಕಳೆದವು. ಸಂಘದ ಹದಿಮೂರು ಮಕ್ಕಳೂ ಕೈಜೋಡಿಸಿದರು. ಕಾಗದದ ಮೇಲಿನ ಗೆರೆಯನ್ನು ನೋಡಿ ಚೂರಿಟ್ಟರು. ನಮಗಿಂತ ಚುರುಕಾಗಿಯೇ ಇಟ್ಟರು. ಅಂಚಿನ ಬಳ್ಳಿಯನ್ನು ಬೇರೆ ಕಾಗದಗಳ ಮೇಲೂ, ನಡುವಿನ ಅಕ್ಷರಗಳನ್ನು ಒಂದೇ ಕಾಗದದ ಮೇಲೂ ಮಾಡಿದೆವು. ಎಲ್ಲವನ್ನೂ ಹಲಗೆಗೆ ಮಗುಚಿ ಮರುದಿನ ಸೇರಿದೆವು. ಕಾಗದ ನೆನೆಯಿತು. ಮೂಲೆ ಹಿಡಿದು ಮೆಲ್ಲನೆ ಸುಲಿದೆವು. ಕೆಂಪು, ಹಳದಿ, ಹಸುರು ಬಳೆಗಳು ಬಿಸಿಲಿಗೆ ಮಿನುಗಿದವು. ಮಕ್ಕಳು ಚಪ್ಪಾಳೆ ತಟ್ಟಿದರು.

ನಮ್ಮ ಬಾಯಿ ಒಣಗಿತು. ಅಕ್ಷರಗಳೆಲ್ಲ ತಿರುವುಮುರುವು! ಕನ್ನಡಿಯಲ್ಲಿ ಕಂಡಂತೆ 'ಸಂಘ' ಎಡಕ್ಕೆ, 'ಕನ್ನಡ' ಬಲಕ್ಕೆ, ಒಂದೊಂದು ಅಕ್ಷರವೂ ಬೆನ್ನು ತಿರುಗಿಸಿ ನಿಂತಿತ್ತು. ಮಗುಚುವ ಕ್ರಮದಲ್ಲಿ ಚಿತ್ರವನ್ನು ಮೊದಲೇ ತಿರುವಿ ಬರೆಯಬೇಕು. ನಾವು ನೆಟ್ಟಗೆ ಬರೆದಿದ್ದೆವು. ಕಾಗದದ ಮೇಲೆ ನೆಟ್ಟಗೆ ಕಂಡದ್ದರಿಂದಲೇ ಮೂರು ತಿಂಗಳು ಯಾರಿಗೂ ಸಂಶಯ ಬರಲಿಲ್ಲ.

ಆದರೆ ಮಹನೀಯರೇ, ನಮ್ಮನ್ನು ಕಂಗೆಡಿಸಿದ್ದು ಅದಲ್ಲ. ಮಕ್ಕಳ ಚಪ್ಪಾಳೆ ನಿಲ್ಲಲಿಲ್ಲ. ನಾವು ತಲೆಯ ಮೇಲೆ ಕೈಹೊತ್ತು ಕುಳಿತಾಗ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು, "ಯಾಕ್ರಿ ಆಂಟಿ, ಛಂದ ಆಗ್ಯಾದಲ್ಲ, ಏನ್ ತಪ್ಪಾಗ್ಯಾದ?" ಎಂದು ಕೇಳಿದಳು. ಹದಿಮೂರು ಮಕ್ಕಳಲ್ಲಿ ತಪ್ಪನ್ನು ಗುರುತಿಸಿದವರು ಇಬ್ಬರೇ. ಉಳಿದ ಹನ್ನೊಂದು ಮಕ್ಕಳಿಗೆ ಅದು ನೆಟ್ಟಗಿದ್ದರೂ ಒಂದೇ, ತಿರುಗಿದ್ದರೂ ಒಂದೇ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓಣಿಯಲ್ಲಿ ತೆಲುಗು, ದಖನಿ, ಶಾಲೆಯಲ್ಲಿ ಇಂಗ್ಲಿಷು. ಆಡಲು ಬರುತ್ತದೆಯೆಂದು ನಾವು ನೆಮ್ಮದಿಯಾಗಿದ್ದೆವು. ಮೂರು ತಿಂಗಳು ಅವರು ಅಕ್ಷರವನ್ನು ಬರೆಯಲಿಲ್ಲ. ಆ ತಗಡಿನ ಫಲಕದವನಂತೆ ಆಕಾರವನ್ನು ನಕಲು ಮಾಡಿದರು. ಅವನನ್ನು ನೋಡಿ ನಾವು ನಕ್ಕಿದ್ದೆವು. ಈಗ ನಗಲು ಯಾರಿಗೂ ಬಾಯಿ ಬರಲಿಲ್ಲ.

ಒಬ್ಬ ತಂದೆ ತಮ್ಮ ಮಗನನ್ನು ಅಲ್ಲಿಯೇ ಗದರತೊಡಗಿದರು. ಅಜ್ಜಿ ತಡೆದರು. "ಬೈಬ್ಯಾಡ್ರಿ ಮಕ್ಕಳಿಗಿ. ಆ ವಯಸ್ಸಿಗಿ ನಂಗೂ ಇವು ಬರ್ತಿದ್ದಿಲ್ಲ. ನಿಜಾಮರ ಕಾಲ, ಸಾಲ್ಯಾಗ ಉರ್ದು. ನಮ್ಮಪ್ಪ ರಾತ್ರಿ ಕಂದೀಲ ಮುಂದ ಉಸುಕು ಹರವಿ, ಬಟ್ಟು ಹಿಡಿದು ತಿದ್ದಿಸ್ತಿದ್ದ. ಯಾರರ ಬಟ್ಟು ಹಿಡಿದ್ರ ಬರ್ತಾವ. ನೀವು ಹಿಡೀಲಿಲ್ಲ, ಅವಕ್ಕ ಬರಲಿಲ್ಲ" ಎಂದರು.

ಆ ಮಾತು ನಾಟಿತು. ೧೯೫೬ರ ನವೆಂಬರ್ ೧ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಚೂರಾಗಿದ್ದ ಕನ್ನಡ ಸೀಮೆಗಳು ಒಂದು ಹಲಗೆಯ ಮೇಲೆ ಕೂಡಿದವು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಬೀದರ್, ಕಲಬುರ್ಗಿ, ರಾಯಚೂರು ಅತ್ತ ಸೇರಿದವು. ಈ ನಗರದಲ್ಲಿ ನೆಲೆನಿಂತ ನಮ್ಮ ಹಿರಿಯರು ಇತ್ತ ಉಳಿದರು; ಮನೆ ಬದಲಿಸದೆಯೇ ಮೊದಲು ಆಂಧ್ರಪ್ರದೇಶದವರಾದರು, ೨೦೧೪ರಲ್ಲಿ ಅವರ ಮಕ್ಕಳು ತೆಲಂಗಾಣದವರಾದರು. ಇದರಲ್ಲಿ ದುಃಖಪಡುವುದೇನಿಲ್ಲ. ಈ ಊರು ನಮಗೆ ಅನ್ನ ಕೊಟ್ಟಿದೆ. ಆದರೆ ಅತ್ತಣ ಮಗುವಿಗೆ ಶಾಲೆಯೂ ಅಂಗಡಿಯ ಹಲಗೆಯೂ ಬಸ್ಸಿನ ಮೇಲಿನ ಹೆಸರೂ ಅಕ್ಷರ ಕಲಿಸುತ್ತವೆ. ಇಲ್ಲಿಯ ಮಗುವಿಗೆ ನಾವು ಕಲಿಸದಿದ್ದರೆ ಕಲಿಸುವವರಿಲ್ಲ.

ಮರುವಾರ ಉಳಿ ಸುತ್ತಿಗೆ ಹಿಡಿದು ನಡುವಿನ ಅಕ್ಷರಗಳನ್ನು ಕಿತ್ತೆವು. ಬಳೆಗಳು ಮತ್ತಷ್ಟು ಹೆಚ್ಚಿದವು! ಅಂಚಿನ ಬಳ್ಳಿಗೆ ಎಡಬಲದ ಭೇದವಿಲ್ಲವಾದ್ದರಿಂದ ಅದು ಉಳಿಯಿತು. ಅಕ್ಷರಕ್ಕೆ ಹೊಸ ನಿಯಮ ಮಾಡಿದೆವು: ತಾನು ಬರೆಯಬಲ್ಲ ಅಕ್ಷರವನ್ನಷ್ಟೇ ಮಗು ಜೋಡಿಸಬೇಕು. ತಟ್ಟೆಯಲ್ಲಿ ರಂಗೋಲಿ ಪುಡಿ ಹರವಿ ಮೊದಲು ಬೆರಳಿನಿಂದ ಬರೆಯುವುದು. ಆಮೇಲೆ ಹಲಗೆ ಬಳಪ. ಆಮೇಲೆ ತೆಳುಕಾಗದದ ಮೇಲೆ ದಪ್ಪವಾಗಿ ಬರೆದು, ಕಾಗದವನ್ನು ಮಗುಚಿ, ಹಿಂಬದಿಯಿಂದ ಕಾಣುವ ಗೆರೆಯನ್ನು ತಿದ್ದುವುದು. ಒಂದು ಕೈಗನ್ನಡಿ ಹಿಡಿದರೆ ತಿರುಗಿದ ಅಕ್ಷರ ನೆಟ್ಟಗೆ ಕಾಣುತ್ತದೆ. ಹೀಗೆ ಹಿಂದೂ ಮುಂದೂ ಕಂಡ ಅಕ್ಷರವನ್ನು ಮಗು ಮರೆಯಲಾರದೆಂಬುದು ನಮ್ಮ ಅನುಭವ.

ಇನ್ನೊಂದು ಲಾಭವೂ ಆಯಿತು. ಚೂರುಗಳ ಸಾಲು ಹರಿಯುವ ದಿಕ್ಕಿಗೆ ಇಟಲಿಯ ಕುಶಲಿಗಳು ಆಂದಮೆಂತೊ ಎನ್ನುತ್ತಾರೆ. ನಮಗೆ ಅದರಲ್ಲಿ 'ಅಂದ' ಕೇಳಿಸಿತು. ಅರ್ಥ ಮಾತ್ರ 'ನಡೆ' ಎಂದು. ಬರೆಯುವ ಕೈ ಎತ್ತ ತಿರುಗುವುದೋ ಚೂರಿನ ಸಾಲೂ ಅತ್ತಲೇ ತಿರುಗಿದರೆ ಅಕ್ಷರಕ್ಕೆ ನಡೆ ಬರುತ್ತದೆ. ಮೊದಲ ಸಲ ಮಕ್ಕಳು ಗೆರೆಯೊಳಗೆ ಚೂರು ತುಂಬಿದ್ದರು. ಎರಡನೆಯ ಸಲ ಬರೆದರು. ವ್ಯತ್ಯಾಸ ಫಲಕದ ಮೇಲಿದೆ.

ಕೊನೆಯದು ಸಂದು ತುಂಬುವ ಕೆಲಸ. ಇದಕ್ಕೆಂದೇ ಪುಡಿ ಸಿಗುತ್ತದೆ. ಕಲಸುವಾಗ ಮೂಗಿಗೆ ಬಟ್ಟೆಯಲ್ಲ, ಧೂಳು ತಡೆಯುವ ಮುಖವಾಡವನ್ನೇ ಕಟ್ಟಬೇಕು. ಕೈಗೆ ರಬ್ಬರಿನ ಗವಸು. ಹದ ಉದ್ದಿನ ವಡೆಯ ಹಿಟ್ಟಿನಷ್ಟಿರಬೇಕು. ಸಂದುಗಳಿಗೆ ಒತ್ತಿ ತುಂಬಿ, ಕಾಲುಗಂಟೆ ಬಿಟ್ಟು, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಬೇಕು. ಒದ್ದೆ ಹೆಚ್ಚಾದರೆ ಸಂದಿನದೂ ಎದ್ದುಬರುತ್ತದೆ. ಬಿಳಿಯ ಪುಡಿ ಬಣ್ಣಗಳನ್ನು ಮಂಕು ಮಾಡಿತು. ಬೂದುಬಣ್ಣದಲ್ಲಿ ಗಾಜು ಮುಂದೆ ಬಂದು ನಿಂತಿತು. ಮಿಕ್ಕ ಹಿಟ್ಟನ್ನು ಬಚ್ಚಲಿಗೆ ಚೆಲ್ಲಬಾರದು. ನಾವು ಚೆಲ್ಲಿದೆವು. ಅದು ಕೊಳವೆಯಲ್ಲಿ ಕಲ್ಲಾಯಿತು. ಆ ಖರ್ಚು ಖಜಾಂಚಿಯವರ ಲೆಕ್ಕದಲ್ಲಿ 'ಇತರೆ' ಎಂಬಲ್ಲಿದೆ.

ಫಲಕದ ತೂಕ ಸುಮಾರು ೨೦ ಕಿಲೋ. ಅದರಲ್ಲಿರುವುದು ಐದೇ ಅಕ್ಷರ. ಐದು ಅಕ್ಷರಕ್ಕೆ ಹದಿಮೂರು ಮಕ್ಕಳು ಸಾಲದಾದ್ದರಿಂದ ವರಾಂಡದ ಗೋಡೆಗೆ ವರ್ಣಮಾಲೆ ತೊಡಗಿದ್ದೇವೆ. ಆರಂಗುಲದ ಚೌಕಕ್ಕೆ ಒಂದು ಅಕ್ಷರ. ಇಪ್ಪತ್ತೆರಡು ಆಗಿವೆ. ಉಳಿದ ಜಾಗ ಖಾಲಿ. ಅಕ್ಷರ ಬರೆದು ತೋರಿಸಿದ ಮಗುವಿಗೆ ಜಾಗ ಸಿಗುತ್ತದೆ, ಚಂದಾ ಬೇಕಿಲ್ಲ. ಪ್ರತಿ ಶನಿವಾರ ಸಂಜೆ ಐದಕ್ಕೆ ರಂಗೋಲಿ ಪುಡಿಯ ತಟ್ಟೆ ಇಲ್ಲಿ ಸಿದ್ಧವಾಗಿರುತ್ತದೆ. ದೊಡ್ಡವರೂ ಬರಬಹುದು. ಓದಲು ಬಾರದೆಂದು ಮೂವರು ತಾಯಂದಿರು ಈಗಾಗಲೇ ಸಂಕೋಚ ಬಿಟ್ಟು ಬಂದಿದ್ದಾರೆ.

ಆ ದಿನ "ಏನ್ ತಪ್ಪಾಗ್ಯಾದ?" ಎಂದು ಕೇಳಿದ ಹುಡುಗಿ ಫಲಕದ ಕೊನೆಯ 'ಘ'ಕಾರವನ್ನು ತಾನೇ ಜೋಡಿಸಿದ್ದಾಳೆ. ತಲೆಕಟ್ಟು ತುಸು ಓರೆಯಾಗಿದೆ. ತಿದ್ದೋಣವೇ ಎಂದು ಕೇಳಿದೆವು. "ಬ್ಯಾಡ್ರಿ, ನಾ ಬರದ್ರ ಹಿಂಗೇ ಬರ್ತದ" ಎಂದಳು. ಹಾಗೆಯೇ ಬಿಟ್ಟಿದ್ದೇವೆ.

ಹೋಗುವಾಗ ತಾವೆಲ್ಲರೂ ಒಮ್ಮೆ ಬಾಗಿಲಲ್ಲಿ ನಿಂತು ನೋಡಬೇಕು. ಮನೆಯಲ್ಲಿ ಹೆಚ್ಚಿದ ಬಳೆಗಳಿದ್ದರೆ ತಂದುಕೊಡಬೇಕು. ಅಜ್ಜಿಯ ಭರಣಿ ಬರಿದಾಗಿದೆ. ಅಕ್ಷರ ಇನ್ನೂ ಬಹಳ ಉಳಿದಿವೆ.